ಗಂಟಿಗೆ ತಿರುಗಲು ಬಾರದು

ಜುಲೈ. ಬೋಟುಗಳೆಲ್ಲ ದಕ್ಕೆಗೆ ಬಂದು
ಭುಜಕ್ಕೆ ಭುಜ ತಾಗಿಸಿ ನಿಂತಿವೆ.
ವಾಮನ ಕರ್ಕೇರರ ಬೋಟಿನ ಶಾಫ್ಟು ಮಾತ್ರ
ಎರಡು ತುಂಡಾಗಿ ನನ್ನ ಮೇಜಿನ ಕೆಳಗೆ
ಗೋಣಿಯಲ್ಲಿ ಮಲಗಿದೆ, ಗ್ರೀಸಿನ ವಾಸನೆ ಬಿಡದೆ.
"ಇದು ಮೂರನೇ ಸಲ," ಅಂದಿದ್ದರು,
"ಎಂತಕ್ಕೆ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತುಂಟಾ?"

ಅಳೆದೆ. ಬರೆದೆ. ಉಕ್ಕಿನ ಮೈಯೊಳಗೆ ಬಲೆ ನೇಯ್ದೆ,
ಎಂಬತ್ತು ಸಾವಿರ ಗಂಟು.
ಕಿಟಕಿಯಾಚೆ ಮುದುಕರಿಬ್ಬರು ಕಾಲ್ಬೆರಳಿಗೆ
ನೈಲಾನು ಸಿಕ್ಕಿಸಿ ಹರಕು ಹೊಲಿಯುತ್ತಿದ್ದರು.
ಅವರ ಬಲೆಯಲ್ಲಿ ಮೀನು ನಿಲ್ಲಬೇಕು,
ನನ್ನದರಲ್ಲಿ ನೋವು.

ಎಂಜಿನ್ ಕಡೆಯ ತುದಿಯನ್ನು ಅಲುಗದಂತೆ ಕಟ್ಟಿ
ಫ್ಯಾನಿನ ಕಡೆಯ ಮುಖದ ನಟ್ಟನಡುವೆ
ಒಂದು ಗಂಟು ಹುಡುಕಿ ಹೇಳಿದೆ: ತಿರುಗು.
ಸಾವಿರದೆಂಟುನೂರು ನ್ಯೂಟನ್ ಮೀಟರಿನ ತಿರುಚುಬಲ.
ಯಂತ್ರ ಗುಂಯ್‌ಗುಟ್ಟಿತು, ಯೋಚಿಸಿತು,
ಸೊನ್ನೆ ಅಂದಿತು.
ಇಡೀ ಶಾಫ್ಟು ನೀಲಿ.
ಹತ್ತು ಪಟ್ಟು ಕೊಟ್ಟೆ.
ನೀಲಿ.

ಅರ್ಥವಾಗುವಾಗ ರಾತ್ರಿ ಹನ್ನೊಂದು.
ಆ ಗಂಟಿಗೆ ಬರುವುದು ಮೂರೇ ಮಾತು:
ಆಚೆ ಈಚೆ, ಮೇಲೆ ಕೆಳಗೆ, ಹಿಂದೆ ಮುಂದೆ.
ತಿರುಗು ಎಂಬುದು ಅದರ ಭಾಷೆಯಲ್ಲೇ ಇಲ್ಲ.
ಬಿಂದುವಿಗೆ ಬೆನ್ನೆಲ್ಲಿ, ಮುಖವೆಲ್ಲಿ?
ಹಠವಲ್ಲ ಅದು, ಕಿವಿಯಿಲ್ಲ ಅಷ್ಟೆ.
ನಾನು ರೇಗಿದ ಯಾರ್ಯಾರದೋ ಮುಖ ನೆನಪಾಯಿತು.
ಆರಿದ ಚಹಾ ಕುಡಿದೆ.

ಬಂದರಿನ ಲೇತ್ ಅಂಗಡಿಯಲ್ಲಿ ಮೋನುಚ್ಚ ನಕ್ಕರು.
"ನಡುವಿಗೆ ಬೆರಳಿಟ್ಟರೆ ಯಾವುದು ತಿರುಗ್ತದೆ, ಹಿಲ್ಡಾ ಬಾಯಿ?
ಗಡಿಯಾರವಾ? ರಾಟೆಯಾ?"
ಟ್ಯಾಪಿನ ಹಿಡಿಯ ಎರಡು ತುದಿ ಹಿಡಿದು
ಒಂದು ಕೈ ಎಳೆದರು, ಇನ್ನೊಂದು ಕೈ ದೂಡಿದರು,
ಸಮಸಮ.
ಉಕ್ಕಿನ ಸಿಪ್ಪೆ ಸುರುಳಿಯಾಗಿ ಹೊರಬಂತು.
"ಒಂದೇ ಕೈ ಕೊಟ್ಟರೆ ಟ್ಯಾಪು ಮುರೀತದೆ ನೋಡಿ."

ಮರಳಿ ಬಂದು ಅಂಚಿನ ಎರಡು ಗಂಟು ಆರಿಸಿ
ಎದುರುಬದುರು ಎಳೆಸಿದೆ.
ಬಣ್ಣವೇನೋ ಬಂತು. ಆದರೆ ಆ ಎರಡು ಕಡೆ ಕಡುಕೆಂಪು,
ಚಿವುಟಿದ ಗುರುತಿನ ಹಾಗೆ.
ಅದು ಶಾಫ್ಟಿನ ನೋವಲ್ಲ, ನನ್ನ ಉಗುರಿನದು.

ಕೊನೆಗೆ, ಮುಖದಿಂದ ತುಸು ಆಚೆ, ಬರಿ ಗಾಳಿಯಲ್ಲಿ,
ಒಂದು ಹೊಸ ಗಂಟು ಇಟ್ಟೆ.
ಉಕ್ಕಿಲ್ಲ, ತೂಕವಿಲ್ಲ,
ಆದರೆ ಆರು ಮಾತು ಬಲ್ಲದ್ದು.
ಅದರಿಂದ ಮುಖದ ಪ್ರತಿ ಗಂಟಿಗೂ ಒಂದೊಂದು ಕಡ್ಡಿ,
ಕೊಡೆ ಬಿಚ್ಚಿದ ಹಾಗೆ.
ತಿರುಗು ಅಂದೆ. ತಿರುಗಿತು.
ಉಳಿದವೆಲ್ಲ ತಮಗೆ ಬರುವುದನ್ನಷ್ಟೇ ಮಾಡಿದವು:
ಒಂದು ಚೂರು ಮೇಲೆ, ಒಂದು ಚೂರು ಕೆಳಗೆ,
ಒಂದು ಕೂದಲೆಳೆಯಷ್ಟು ಆಚೆ.
ಅವುಗಳಲ್ಲಿ ಯಾವುದೂ ತಿರುಗಲಿಲ್ಲ.
ಶಾಫ್ಟು ತಿರುಚಿಕೊಂಡಿತು.

ಕಡ್ಡಿ ತಾಗಿದಲ್ಲಿನ ಬಣ್ಣ ನಂಬಬಾರದು,
ಒಂದು ಗೇಣು ಒಳಗೆ ಹೋಗಿ ನೋಡಬೇಕು.
ಹೋದೆ. ಕೀ ಕೂರುವ ಕಾಲುವೆಯ ಚೂಪು ಮೂಲೆಯಲ್ಲಿ
ಸಣ್ಣಗೆ, ಕುಂಕುಮದ ಚಿಟಿಕೆಯಷ್ಟು ಕೆಂಪು.
ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಗೋಣಿ ಬಿಚ್ಚಿದೆ.
ಅಲ್ಲೇ.

"ಮೂಲೆ ಉರುಟು ಮಾಡಿ ಮೋನುಚ್ಚ," ಫೋನಿನಲ್ಲಿ ಅಂದೆ.
"ಉರುಟಾ? ಅದು ನಾನು ಎರಡನೇ ಸಲವೇ ಹೇಳಿದ್ದು.
ಕರ್ಕೇರರಿಗೆ ಕಾಗದದಲ್ಲಿ ಬೇಕಿತ್ತು."

ಕಾಗದ ಹಿಡಿದು ಬೆಂಗ್ರೆಯ ಫೆರಿ ಹತ್ತಿದೆ.
ಬುಟ್ಟಿಗಳು, ಒಂದು ಬೈಕು, ಅದರ ಪಕ್ಕ ನಾನು, ನಡುವಿನಲ್ಲಿ.
ಮುಂದೆ ಒಬ್ಬ ಗಳದಿಂದ ಕಟ್ಟೆಯನ್ನು ದೂಡಿದ,
ಹಿಂದೆ ಒಬ್ಬ ಹಗ್ಗ ಎಳೆದ.
ನನ್ನ ಚಪ್ಪಲಿ ಹಲಗೆಯಿಂದ ಕದಲಲಿಲ್ಲ,
ಆದರೂ ಎದುರಿಗಿದ್ದ ಬಂದರಿನ ಹಂಚಿನ ಮಾಡುಗಳು
ಒಂದೊಂದಾಗಿ ಕಿವಿಯ ಪಕ್ಕ ಹಾದು ಬೆನ್ನಿಗೆ ಹೋದವು.

"ಚಿಲ್ಲರೆ ಕೊಡಿ," ಅಂದ ಹುಡುಗ.
ಚೀಲದಲ್ಲಿ ಕೈಯಾಡಿಸಿದೆ.
ಎರಚಲಿಗೆ ಕಾಗದ ತೇವವಾಗಿ
ಕೆಂಪು ಒಂದಿಷ್ಟು ಹರಡಿತ್ತು.