ತಂಗಡಿಯ ವಾಸನೆ

ನರ್ಸರಿಯ ನಯಾಜ್ ನಕ್ಕ:
"ಅಕ್ಕ, ಜೋಗಿಮಟ್ಟಿ ದಾರೀಲಿ ಪುಕ್ಕಟೆ ಬೆಳೆಯುತ್ತೆ.
ಆಡೂ ಮೂಸಲ್ಲ. ಅದಕ್ಯಾರು ಕುಂಡ ಕೊಳ್ತಾರೆ?
ಸೇವಂತಿಗೆ ಒಯ್ಯಿರಿ, ಹಿರಿಯೂರಿಂದ ಇವತ್ತೇ ಬಂದಿದೆ."
ಸೇವಂತಿಗೆ ಒಯ್ಯಲಿಲ್ಲ. ಕುಂಡ ಮಾತ್ರ ತಂದೆ,
ಅಂಚು ಒಡೆದದ್ದು, ಮೂವತ್ತು ರೂಪಾಯಿಗೆ ಚೌಕಾಸಿ ಮಾಡಿ.

ಮೊದಲ ಸಲ ಒಂದೂ ಮೊಳೆಯಲಿಲ್ಲ.
ಎರಡನೆಯ ಸಲ ಮೊಳೆತವು,
ದಿನಾ ಎರಡು ಹೊತ್ತು ನೀರು ಹಾಕಿ ನಾನೇ ಕೊಂದೆ.
ಮೂರನೆಯ ಸಲ ಅಮ್ಮನಿಗೆ ಫೋನ್ ಮಾಡಿದೆ.
"ಆ ಬೀಜದ ತೊಗಲು ಗಟ್ಟಿ ಕಣೆ. ಕಲ್ಲಿಗೆ ಉಜ್ಜು.
ಒಳಗಿನ ಬಿಳಿ ಇಣುಕೋವರೆಗೆ ಉಜ್ಜು, ಅದಕ್ಕಿಂತ ಆಚೆ ಬೇಡ.
ಬಿಸಿನೀರಲ್ಲಿ ಒಂದು ರಾತ್ರಿ ಬಿಡು."
ಸ್ವಲ್ಪ ತಡೆದು,
"ಅದ್ಯಾಕೆ ಬೇಕಿತ್ತು ನಿನಗೆ, ಮನೆ ಮುಂದೆ?"

ಆ ಮಾತಿನೊಳಗೆ ಅಜ್ಜಿ ಕೂತಿದ್ದಳು.
ಸಣ್ಣಪಾಲಕ್ಕ. ತಂಗಡಿಯ ಪಟ್ಟೆ ಸುಲಿದು, ಒಣಗಿಸಿ, ಜಜ್ಜಿ
ಹಿತ್ತಲ ಬಾನಿಯ ನೀರಿಗೆ ಸುರಿಯುತ್ತಿದ್ದಳು.
ಹದಕ್ಕೆ ಬಂದ ತೊಗಲು ತಾತನ ಕೈಯಲ್ಲಿ
ಮಿಣಿಯಾಗುತ್ತಿತ್ತು, ಬಾರುಕೋಲಾಗುತ್ತಿತ್ತು,
ಗೌಡರ ಕಾಲಿಗೆ ಕಿರ್ರನ್ನುವ ಜೋಡಾಗುತ್ತಿತ್ತು.
ಅವಳ ಬೆರಳು ಸಾಯುವವರೆಗೂ ಕಂದು.
ಇಸ್ಕೂಲಲ್ಲಿ ನನ್ನ ಪಕ್ಕದ ಜಾಗ ಯಾವತ್ತೂ ಖಾಲಿ.
"ನಾತ" ಅನ್ನುವ ಪದದ ಕಾಗುಣಿತ
ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಹೂವಿನ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ.
ಪಟ್ಟೆಯ ಹೊರೆಯ ಮೇಲೆ, ಬಿಸಿಲಿಗೆ ಅಡ್ಡವಾಗಿ,
ಹೂ ತುಂಬಿದ ಟೊಂಗೆ ಹೊದಿಸಿಕೊಂಡು ಇಳಿದು ಬರುತ್ತಿದ್ದಳು.
ದೂರದಿಂದ ನೋಡಿದರೆ
ಗುಡ್ಡವೇ ತುರುಬು ಕಟ್ಟಿಕೊಂಡು ನಡೆದು ಬಂದ ಹಾಗೆ.

ಈಗ ಹೊಳಲ್ಕೆರೆ ರಸ್ತೆಯ ನಮ್ಮ ಬಡಾವಣೆಯಲ್ಲಿ
ಗೇಟಿನ ಎಡಕ್ಕೆ, ನೀರಿನ ಮೀಟರಿನ ಪಕ್ಕ,
ಮೂರು ವರ್ಷದ ಗಿಡ ಎದೆಯೆತ್ತರ.
(ಕುಂಡ ಒಡೆದು ನೆಲಕ್ಕಿಳಿಸಿದೆ. ಅದಕ್ಕೆ ಕುಂಡ ಬೇಕಿರಲಿಲ್ಲ,
ನಯಾಜ್ ಹೇಳಿದ್ದು ಸರಿ.)
ಬೆಳಿಗ್ಗೆ ಮೂಸಿದರೆ ಏನೂ ಇಲ್ಲ.
ಹನ್ನೊಂದಕ್ಕೆ, ಕೋಟೆಯ ಬಂಡೆ ಕಾದು
ಗಾಳಿ ಆ ಕಡೆಯಿಂದ ತಿರುಗಿದಾಗ ಬರುತ್ತದೆ:
ಹಸಿ ಜೇನಿನದ್ದು, ಸ್ವಲ್ಪ ಹುರಿದ ಹೆಸರುಕಾಳಿನದ್ದು,
ತಳದಲ್ಲಿ ಒಗರು.
ಮಲ್ಲಿಗೆಯ ಹಾಗೆ ಹುಡುಕಿಕೊಂಡು ಬರುವುದಿಲ್ಲ,
ನಾವೇ ಹೋಗಿ ನಿಲ್ಲಬೇಕು.
ವಾರದ ರಜೆಯ ದಿನ ನಾನು ಹೋಗಿ ನಿಲ್ಲುತ್ತೇನೆ.
ಕರಿದುಂಬಿ ಹೂವಿಗೆ ಜೋತುಬಿದ್ದು ಮೈಯೆಲ್ಲ ಗುಂಯ್‌ಗುಟ್ಟಿಸಿ
ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ಪುಡಿಪುಡಿಯಾಗಿ ಹೋಗುತ್ತದೆ.
ಹಳದಿ ಚಿಟ್ಟೆಯ ಹುಳು ಎಲೆ ತಿನ್ನುತ್ತದೆ. ತಿನ್ನಲಿ.

ಪಕ್ಕದ ಮನೆಯ ವಿಶಾಲಾಕ್ಷಮ್ಮ
ನಸುಕಿಗೇ ಕಾಂಪೌಂಡಿನಾಚೆಯಿಂದ ಕೈ ಚಾಚುವುದು ನನಗೆ ಗೊತ್ತು.
ಆಶ್ವೀಜದ ಒಂದು ಬೆಳಿಗ್ಗೆ ಎದುರಾಬದುರು ಸಿಕ್ಕಿಬಿದ್ದೆವು.
ಅವರ ಕೈಯಲ್ಲಿ ಬುಟ್ಟಿ, ನನ್ನ ಕೈಯಲ್ಲಿ ಹಾಲಿನ ಪಾಕೀಟು.
"ದೇವರಿಗೆ," ಅಂದರು.
"ಇದರ ಪಟ್ಟೆಯಲ್ಲಿ ನಮ್ಮಜ್ಜಿ ತೊಗಲು ಹದ ಮಾಡ್ತಿದ್ದಳು," ಅಂದೆ.
ಯಾಕೆ ಅಂದೆನೋ.
ಪಾಕೀಟಿನ ತಣ್ಣನೆಯ ನೀರು ಮೊಣಕೈವರೆಗೆ ಇಳಿಯುತ್ತಿತ್ತು.

ಅವರು ಬುಟ್ಟಿ ನೋಡಿದರು. ಚೆಲ್ಲಲಿಲ್ಲ.
ದೇವರಿಗೆಂದು ಕಿತ್ತ ಹೂವನ್ನು ಯಾರೂ ಮೂಸುವುದಿಲ್ಲ.
ಒಂದನ್ನೆತ್ತಿ ಅವರು ಮೂಸಿದರು.
"ಏನೂ ವಾಸನೆ ಇಲ್ಲವಲ್ಲ?"
"ಈಗ ಇಲ್ಲ. ಹನ್ನೊಂದಕ್ಕೆ ಬನ್ನಿ."

ಬಂದರೋ ಇಲ್ಲವೋ.
ಹನ್ನೊಂದಕ್ಕೆ ನಾನು ಹೊಸದುರ್ಗದ ಬಸ್ಸಿನಲ್ಲಿ
ಚಿಲ್ಲರೆಗೆ ಜಗಳವಾಡುತ್ತಿದ್ದೆ.
ಹೆಗಲಿಗೆ ಕಂಡಕ್ಟರಿನ ತೊಗಲ ಚೀಲ,
ಅದರ ತಳದಲ್ಲಿ ಹೋದ ವರ್ಷದ ನಾಲ್ಕು ಒಣಕಾಯಿ,
ಕೈ ಹಾಕಿದಾಗೆಲ್ಲ
ನಾಣ್ಯವೋ ಬೀಜವೋ, ಗಲಗಲ.