ಮೆದುವಿನ ಲೆಕ್ಕ

ಗಾಜಿನ ಬಾಟಲಿಗಳನ್ನೇ ಒಯ್ದಿದ್ದೆ, ಕಂದು ಬಣ್ಣದವು.
ಪ್ಲಾಸ್ಟಿಕ್ಕಿನಿಂದ ಸೋರಿದ್ದನ್ನು ಹುಡುಕುವವಳು
ಪ್ಲಾಸ್ಟಿಕ್ಕಿನಲ್ಲಿ ನೀರು ತುಂಬಬಾರದು,
ಕಳ್ಳನನ್ನೇ ಪಂಚನಾಮೆಗೆ ಕರೆದ ಹಾಗಾಗುತ್ತದೆ.

ತಿಕೋಟಾ ದಾಟಿ, ಒಣದ್ರಾಕ್ಷಿಯ ಶೆಡ್ಡುಗಳ ಹಿಂದೆ
ಗುರುಬಾಯಿ ಮಸಳಿಯವರ ಹೊಂಡ.
ಆರು ಬೇಸಿಗೆ ಕಂಡ ಕರಿ ತಾಡಪತ್ರಿ
ದಂಡೆಯ ಮೇಲೆ ಹಪ್ಪಳದಂತೆ ಸೆಟೆದು ನಿಂತಿತ್ತು.
ಆಕೆ ಅಂಚು ಹಿಡಿದು ಮುರಿದಳು. ಚಟ್ ಎಂದಿತು.
"ತಂದಾಗ ಹೋಳಿಗಿ ಕಣಕದಂಗ ಇತ್ತರಿ ಬಾಯಾರ,
ಹೆಂಗ ಮಡಚಿದರ ಹಂಗ ಮಡಚತಿತ್ತು.
ಇದರಾಗಿನ ಮೆತ್ತಗಿದ್ದದ್ದು ಎಲ್ಲಿ ಹೋತು?"

ನನ್ನ ನಮೂನೆಯಲ್ಲಿ ಹದಿನೇಳು ಕಾಲಮ್ಮುಗಳು.
ಈ ಪ್ರಶ್ನೆಗೆ ಒಂದೂ ಇಲ್ಲ.
ನಾನು ಬಂದದ್ದು ಮಾತ್ರ ಇದೊಂದಕ್ಕೇ.

ಗಟ್ಟಿಯಾದದ್ದನ್ನು ಬಾಗಿಸಲು ಒಂದು ಎಣ್ಣೆ ಬೆರೆಸುತ್ತಾರೆ ಗುರುಬಾಯಿ,
ಬಣ್ಣವಿಲ್ಲದ್ದು, ಮೂಗಿಗೂ ಸಿಕ್ಕದ್ದು.
ಬೆರೆಸುತ್ತಾರೆ, ಕಟ್ಟಿಹಾಕುವುದಿಲ್ಲ.
ಬಾಡಿಗೆಯವರ ಹಾಗೆ ಇರುತ್ತದೆ ಒಳಗೆ;
ಬಿಸಿಲು ಕಾದ ದಿನ ಬಾಗಿಲೆಳೆದುಕೊಂಡು ಹೊರಡುತ್ತದೆ
ನೀರಿಗೆ,
ನೀರಿನಡಿಯ ರಾಡಿಗೆ,
ರಾಡಿ ತಿನ್ನುವ ಹುಳಕ್ಕೆ, ಹುಳ ಹೆಕ್ಕುವ ಮೀನಿಗೆ.

ಹೋದಲ್ಲಿ ಅದೇ ಹೆಸರಿನಲ್ಲಿ ಉಳಿಯುವುದೂ ಇಲ್ಲ.
ಕಣ್ಣಿಗೆ ಕಾಣದ ಬಾಯಿಗಳು ಅದನ್ನು ಕಚ್ಚಿ
ಅರ್ಧ ತಿಂದು ಅರ್ಧ ಬಿಡುತ್ತವೆ.
ಬಿಟ್ಟದ್ದು ತಾಯಿಗಿಂತ ಚುರುಕು,
ನೀರಿನಲ್ಲಿ ಇನ್ನೂ ಸಲೀಸಾಗಿ ನಡೆಯುತ್ತದೆ.
ತಾಯಿಯ ಹೆಸರು ನನ್ನ ಪಟ್ಟಿಯಲ್ಲಿದೆ, ಎದುರಿಗೊಂದು ಮಿತಿ.
ಮಗಳ ಹೆಸರನ್ನು ನಾನೇ ಕೆಳಗೆ ಬರೆದುಕೊಂಡಿದ್ದೇನೆ,
ಎದುರಿಗೆ ಏನೂ ಇಲ್ಲ.
'ಒಡೆದುಹೋಗುತ್ತದೆ' ಎಂದು ವರದಿಯಲ್ಲಿ ಬರೆದರೆ
'ಮುಗಿದುಹೋಗುತ್ತದೆ' ಎಂದು ಓದುತ್ತಾರೆ ಮೇಲಿನವರು.
ಒಡೆದ ಬಳೆ ಮುಗಿದಿರುತ್ತದೆಯೇ?
ಅಂಗಾಲನ್ನು ಕೇಳಬೇಕು.

"ಮೊದಲ ಕಪ್ಪಿ ವದರೂದಕ್ಕ ನಿದ್ದಿ ಹತ್ತತಿದ್ದಿಲ್ಲ,
ಈಗ ಎರಡ ವರ್ಸ ಆತು, ಛಲೋ ನಿದ್ದಿ"
ಎಂದಳು, ನಗುತ್ತ.
'ಇತರೆ' ಎಂಬಲ್ಲಿ ಬರೆದುಕೊಂಡೆ.
ಒಂದು ಹೊಂಡ, ಒಬ್ಬಳ ಕಿವಿ, ಪುರಾವೆಯಲ್ಲ ಇದು.
ಆದರೂ ಬರೆದದ್ದು ಪೆನ್ನಿನಲ್ಲಿ,
ಪೆನ್ಸಿಲ್ಲಿನಲ್ಲಿ ಅಲ್ಲ.

ವಿಜಯಪುರಕ್ಕೆ ಮರಳಿ ಮೂರನೆಯ ದಿನ
ಯಂತ್ರ ಶಿಖರಗಳನ್ನು ಎಳೆಯತೊಡಗಿತು.
ಬಯಲಿನಲ್ಲಿ ಹುಟ್ಟಿದವಳು ನಾನು,
ನೋಡಿದ ಬೆಟ್ಟಗಳೆಲ್ಲ ಈ ಪರದೆಯ ಮೇಲಿನವೇ.
ಹೊಂಡದ ನೀರಿನದು ಎತ್ತರ.
ರಾಡಿಯದು ಇನ್ನೂ ಎತ್ತರ.
ಆಮೇಲೆ, ಏನೂ ಇರಬಾರದ ಬಾಟಲಿ,
ಹೋಲಿಸಲೆಂದು ನಾನೇ ತುಂಬಿಟ್ಟ ಶುದ್ಧ ನೀರು,
ಅದರಲ್ಲೂ ಒಂದು ದಿಬ್ಬ.

ಜಹೀರಾ ಮತ್ತೆ ತೊಳೆದಳು, ಮತ್ತೆ ಓಡಿಸಿದಳು. ದಿಬ್ಬ ಹಾಗೇ ಇತ್ತು.
ಕೈಗವಸಿನದೋ, ನಲ್ಲಿಯ ಕೊಳವೆಯದೋ,
ನನ್ನ ಕೊರಳಿನ ಗುರುತಿನ ಚೀಟಿಯ ಕವಚದ್ದೋ,
ಬೆಳಿಗ್ಗೆ ಹಚ್ಚಿಕೊಂಡ ಕ್ರೀಮಿನದೋ.
ನಿಯಮದ ಪ್ರಕಾರ ಅದನ್ನು ಕಳೆಯಬೇಕು.
ಹೊಂಡದ ಅಂಕಿಯಿಂದ ನಮ್ಮ ಅಂಕಿ ಕಳೆದೆ.
ಉಳಿದದ್ದು ಗುರುಬಾಯಿಯ ಹೆಸರಿಗೆ ಹೋಯಿತು.
ಕಳೆದದ್ದು ಯಾರ ಹೆಸರಿಗೆ?

ಅಪಾಯ: ಮಧ್ಯಮ. ಅಂದಾಜಿನ ಭರವಸೆ: ಕಡಿಮೆ.
ಮಗಳ ಬಗ್ಗೆ: ಮಾಹಿತಿ ಇಲ್ಲ.
ಸಹಿ ಹಾಕಿದೆ.

ಮೇಜಿನ ಮೇಲೆ ಆಕೆ ಕೊಟ್ಟ ಒಣದ್ರಾಕ್ಷಿ.
ಅದೇ ಬಿಸಿಲಲ್ಲಿ ಒಣಗಿ
ಹಲ್ಲಿಗೆ ಎಷ್ಟು ಮೆತ್ತಗೆ!
ನೀರನ್ನು ಬಿಟ್ಟುಕೊಟ್ಟಿದೆ, ಮೆದುವನ್ನು ಬಿಟ್ಟಿಲ್ಲ.
ಒಂದೊಂದೇ ತಿನ್ನುತ್ತ ಗಾಜಿನ ಭರಣಿಗೆ ಸುರಿದೆ.

ಖಾಲಿಯಾದ ಕವರು, ತೆಳುವಾದದ್ದು,
ಗಾಳಿಗೂ ಮಡಚಿಕೊಳ್ಳುವಂಥದ್ದು,
ಎಲ್ಲಿ ಹಾಕಲಿ ಎಂದು ತಿಳಿಯದೆ
ಇನ್ನೂ ಕೈಯಲ್ಲೇ ಹಿಡಿದು ಕೂತಿದ್ದೇನೆ.