ಬಹುದು, ತಕ್ಕದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಆಕೆಗೆ ಓಟು ಹಾಕಿದವನಲ್ಲ.
ನಾಲ್ಕು ಸಲ ನಿಂತಳು. ನಾಲ್ಕು ಸಲವೂ
ಇನ್ನೊಬ್ಬನ ಹೆಸರಿನ ಮುಂದೆ ಗುರುತು ಹಾಕಿ
ಹೊರಗೆ ಬಂದು, ಆಕೆ ಸುಟ್ಟು ತಂದಿದ್ದ
ಸೇಬಿನ ಪೈ ತಿಂದು ಮನೆಗೆ ಹೋದವನು.

ಡೆಲ್ವೀನಾ ವುಲೆಟ್. ಶಾಲೆಯ ಅಡುಗೆಮನೆಯವಳು.
ಮೇಯ್ನ್ ರಾಜ್ಯದ ಬಡಗಣ ತುದಿಗೆ ಶಾಸಕಿ.
ಹೊಳೆಯಾಚೆ ಕೆನಡಾ; ಈಚೆ ನಾವು,
ಆಲೂಗಡ್ಡೆ, ಹಿಮ, ಅಜ್ಜಿಯಂದಿರ ಫ್ರೆಂಚು.

ರಾಜಧಾನಿಗೆ ಐದು ತಾಸಿನ ಹಾದಿ.
ನಸುಕಿಗೇ ಹೊರಡುತ್ತಿದ್ದಳು, ಹಿಂದಿನ ಸೀಟಿನ ತುಂಬ
ಊರವರ ಕಾಗದಗಳು: ಯಾರದೋ ನಿಂತುಹೋದ ಪಿಂಚಣಿ,
ಯಾರದೋ ಬಾವಿಯಲ್ಲಿ ಸೀಮೆಎಣ್ಣೆಯ ವಾಸನೆ.
ನನ್ನ ಹಿಮ ಗೋರುವ ಲಾರಿಯ ಹಿಂದೆ
ಆಕೆಯ ಕಾರು ಎರಡು ಕಣ್ಣು ಬಿಟ್ಟುಕೊಂಡು
ಮೂವತ್ತು ಮೈಲಿ ತೆವಳಿದ್ದುಂಟು.
ಒಂದು ಸಲವೂ ಹಾರನ್ ಹೊಡೆಯಲಿಲ್ಲ.
ಅದಕ್ಕೂ ಸಿಟ್ಟು ಬರುತ್ತಿತ್ತು ನನಗೆ.

ಅಷ್ಟು ವರ್ಷ ಏನು ಮಾಡಿದಳು ಎಂದರೆ
ಒಂದು ಪದ ಬದಲಾಯಿಸಿದಳು ಎನ್ನಬೇಕು.
ಡಯಾಲಿಸಿಸ್‌ಗೆ ಹೋಗುವವರ ಓಣಿಗಳನ್ನು
ಹಿಮ ಸುರಿದಾಗ ಮೊದಲು ತೆರವು ಮಾಡಬಹುದು
ಎಂದಿತ್ತು ಹಳೆಯ ಕಾಯಿದೆ.
ಬಹುದು ಅಂದರೆ ಗೊತ್ತಲ್ಲ,
ಎದ್ದರೆ ಎದ್ದೆ, ಇಲ್ಲದಿದ್ದರೆ ಮಗ್ಗುಲು ಬದಲಿಸಿದೆ.
ಆಕೆ ಅದನ್ನು ಮಾಡತಕ್ಕದ್ದು ಮಾಡಹೊರಟಳು.

ಎಂಟು ವರ್ಷ.
ಮೊದಲ ಸಲ ಸಮಿತಿಯ ಕೋಣೆಯಲ್ಲೇ ಸತ್ತಿತು.
ಎರಡನೆಯ ಸಲ ದುಡ್ಡೆಲ್ಲಿ ಎಂದರು.
ಮೂರನೆಯ ಸಲ ಕರಾವಳಿಯ ಕಡೆಯವನೊಬ್ಬ, ದೋಣಿಗಳ ಒಡೆಯ,
"ಅಂಥವರು ಎಷ್ಟು ಜನ ಇದ್ದಾರು, ತಾಯೀ?" ಎಂದ.
ಹದಿನಾಲ್ಕು ಎಂದಳಂತೆ.
ಎದ್ದು ನಿಂತು ಹೆಸರು ಓದಿದಳಂತೆ.
ಓದುತ್ತ ಓದುತ್ತ ಒಂದು ಕಡೆ ತಡೆದು
ಹದಿಮೂರು ಎಂದು ತಿದ್ದಿದಳಂತೆ,
ಆ ಬೆಳಿಗ್ಗೆ ಬಂದ ಫೋನು ನೆನಪಾಗಿ.

ತಕ್ಕದ್ದು ಎಂಬುದರ ತೂಕ ಆಕೆಗೆ ಹೊಸದಲ್ಲ.
ನನಗೂ ಅಲ್ಲ, ನಾವು ಒಂದೇ ಬೆಂಚಿನವರು.
ಶಾಲೆಯಲ್ಲಿ ಫ್ರೆಂಚ್ ಆಡತಕ್ಕದ್ದಲ್ಲ:
ನೂರು ಸಲ, ಕರಿಹಲಗೆಯ ಮೇಲೆ,
ಸೀಮೆಸುಣ್ಣ ಉಗುರಷ್ಟಾಗುವ ತನಕ.
ನಾನು ಬರೆದೆ, ಅಳಿಸಿದೆ, ಮರೆತೆ.
ಆಕೆ ಪದವನ್ನು ಕದ್ದು
ಜೇಬಿನಲ್ಲಿಟ್ಟುಕೊಂಡು ಬಂದಿರಬೇಕು.

ಕೊನೆಯ ಅವಧಿಯ ಕೊನೆಯ ವಾರ, ಎರಡೇ ಮತದಿಂದ, ಪಾಸಾಯಿತು.
ಲಾರಿ ಶೆಡ್ಡಿಗೆ ತಾನೇ ಬಂದು
ಗೋಡೆಗೆ ಪ್ರತಿ ಅಂಟಿಸಿದಳು.
"ಇನ್ನು ನಮ್ಮ ನಿದ್ದೆಯ ಗತಿ?" ಎಂದೆ.
"ನನಗೆ ನಿದ್ದೆ ಹೋಗಿ ಎಂಟು ವರ್ಷವಾಯಿತು ರೋಸೇರ್,
ಅಭ್ಯಾಸವಾಗುತ್ತದೆ."

ಈಗ ರಾತ್ರಿ ಮೂರಕ್ಕೆ ಏಳುತ್ತೇನೆ.
ಆಕೆಯನ್ನು ಬೈಯುತ್ತಲೇ ಬೂಟು ಹಾಕುತ್ತೇನೆ.
ಆಲ್ಸೀಡ್ ಪೆಲ್ಟಿಯೆಯ ಓಣಿ ಮೊದಲು.
ಕಿಟಕಿಯಲ್ಲಿ ನಿಂತಿರುತ್ತಿದ್ದ ಮುದುಕ,
ಕೋಟು ತೊಟ್ಟು, ಟೋಪಿ ಇಟ್ಟು, ಎರಡು ಬೆರಳೆತ್ತಿ.
ಅಷ್ಟೇ ನಮ್ಮ ಮಾತು.

ಮಾರ್ಚಿಯಲ್ಲಿ ತೀರಿಕೊಂಡ.
ಕಚೇರಿಯವರು ಪಟ್ಟಿಯಲ್ಲಿ ಗೆರೆ ಎಳೆದರು.
ಮೂರನೆಯ ರಾತ್ರಿ ಮೊಣಕಾಲುದ್ದ ಹಿಮ.
ಲಾರಿ ಆ ಓಣಿಗೇ ತಿರುಗಿತು;
ನಾನು ತಿರುಗಿಸಿದೆ ಎಂದು ಪ್ರಮಾಣ ಮಾಡಲಾರೆ.
ಮೆಟ್ಟಿಲ ತನಕ ಗೋರಿದೆ.
ಕತ್ತಲ ಕಿಟಕಿ. ಎಂಜಿನ್ನಿನ ಸದ್ದು.
ಸ್ವಲ್ಪ ಹೊತ್ತು ಅಲ್ಲೇ ಇದ್ದು ಹಿಂದಕ್ಕೆ ಬಂದೆ.

ಶುಕ್ರವಾರ ಚರ್ಚಿನ ಹಾಲಿನಲ್ಲಿ ಆಕೆ,
ಮಾಜಿ ಈಗ, ಏಪ್ರನ್ ಕಟ್ಟಿ ಬಟಾಣಿ ಸೂಪು ಬಡಿಸುತ್ತಿದ್ದಳು.
ಊರಲ್ಲಿ ಯಾವುದೂ ಬಚ್ಚಿಡಲಾಗದು.
ಸೌಟು ಮೇಲೆತ್ತಿ ಹಿಡಿದೇ ಕೇಳಿದಳು:
"ಆಲ್ಸೀಡನ ಓಣಿ. ಯಾವ ಕಾಯಿದೆಯ ಪ್ರಕಾರ?"

"ಹಳೆಯದರ" ಎಂದೆ.

ಸುಮ್ಮನೆ ನೋಡಿದಳು.
ಸೂಪಿಗೆ ಉಪ್ಪು ಕಡಿಮೆಯಿತ್ತು.
ಅದನ್ನು ಮಾತ್ರ ಹೇಳಲಿಲ್ಲ.